ವಿದ್ಯಾಸಾಗರ ಸೇತುವೆಯ ಕೇಬಲ್‌ಗಳನ್ನು ಮೂವತ್ತು ವರ್ಷಕ್ಕೇ ಬದಲಾಯಿಸಬೇಕಾಗಿ ಬಂದದ್ದೇಕೆ?

ಪ್ರಶ್ನೆ ಕೇಳಿದವರು: ಹೊಳೆಬಾಗಿಲು

ಎಲ್ಲರಿಗೂ ನಮಸ್ಕಾರ.

ನಮ್ಮ ಮಗಳು ಪಶ್ಚಿಮ ಬಂಗಾಳದ ಹೌರಾ ನಗರದ ಶಿಬ್‌ಪುರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಆಗಾಗ ಹೂಗ್ಲಿ ನದಿ ದಾಟಿ ಕೋಲ್ಕತ್ತಕ್ಕೆ ಹೋಗಿ ಬರುತ್ತಾಳೆ. ಅವಳ ದಾರಿ ವಿದ್ಯಾಸಾಗರ ಸೇತುವೆಯ ಮೇಲೆಯೇ ಇದೆ. ಆ ಸೇತುವೆಯ ಕೆಲವು ಕೇಬಲ್‌ಗಳನ್ನೂ ಬೇರಿಂಗ್‌ಗಳನ್ನೂ (ಸೇತುವೆಯ ತುದಿ ಕೂರುವ ಆಸರೆಗಳು) ಬದಲಾಯಿಸುವ ಕೆಲಸ ಈಚಿನ ವರ್ಷಗಳಲ್ಲಿ ಹಂತಹಂತವಾಗಿ ನಡೆದಿದೆಯೆಂದೂ, ಅದಕ್ಕಾಗಿ ಕೆಲವು ಭಾನುವಾರಗಳಂದು ಮುಂಜಾನೆಯಿಂದ ರಾತ್ರಿಯವರೆಗೆ ಸಂಚಾರವನ್ನೇ ನಿಲ್ಲಿಸಿದ್ದರೆಂದೂ ಅವಳಿಂದ ತಿಳಿಯಿತು.

ನನ್ನ ಸಂದೇಹ ಇಷ್ಟೇ. ಅದೇ ನದಿಯ ಮೇಲೆ, ಸ್ವಲ್ಪ ಮೇಲ್ಗಡೆ, 1943ರಲ್ಲಿ ತೆರೆದ ಹೌರಾ ಸೇತುವೆ ಎಂಬತ್ತು ವರ್ಷ ದಾಟಿಯೂ ಗಟ್ಟಿಯಾಗಿ ನಿಂತಿದೆ. 1992ರಲ್ಲಿ ತೆರೆದ, ಅದಕ್ಕಿಂತ ಎಷ್ಟೋ ಆಧುನಿಕವೆನ್ನುವ ಸೇತುವೆಗೆ ಮೂವತ್ತು ವರ್ಷಕ್ಕೇ ಹೀಗೇಕಾಯಿತು? ಕೇಬಲ್‌ನಲ್ಲಿ ತೂಗುಹಾಕುವ ವಿಧಾನವೇ ದುರ್ಬಲವೇ? 2022ರಲ್ಲಿ ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಕಡಿದುಬಿದ್ದದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ನಾನು ಸಾಗರ ತಾಲ್ಲೂಕಿನ ಕರೂರು ಕಡೆಯವಳು. ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿಗೆ ಹೋಗುವ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಅದಕ್ಕೂ ಮೊದಲು ಕಾರು, ಬಸ್ಸು ಎಲ್ಲವೂ ಲಾಂಚ್ ಹತ್ತಿಯೇ ದಾಟಬೇಕಿತ್ತು. ಆ ಸೇತುವೆಗೂ ಕೇಬಲ್‌ಗಳಿವೆ. ಆದ್ದರಿಂದ ಈ ಪ್ರಶ್ನೆ ಕೋಲ್ಕತ್ತಕ್ಕಷ್ಟೇ ಸೇರಿದ್ದೆಂದು ನನಗೆ ಅನ್ನಿಸುತ್ತಿಲ್ಲ. ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ: ಉಕ್ಕು-ಕಾಂಕ್ರೀಟು

ಹೊಳೆಬಾಗಿಲು ಅವರೇ, ನಮಸ್ಕಾರ. ಸೇತುವೆಗಳ ವಿನ್ಯಾಸದಲ್ಲೇ ನನ್ನ ಉದ್ಯೋಗಜೀವನ ಕಳೆದಿದೆ. ನಿಮ್ಮ ಆತಂಕ ಸಹಜವಾದದ್ದು, ಆದರೆ ಕೇಬಲ್ ಬದಲಾಯಿಸುತ್ತಿದ್ದಾರೆ ಎಂಬ ಸುದ್ದಿ ನಿಮ್ಮ ಭಯವನ್ನು ಕಡಿಮೆ ಮಾಡಬೇಕು.

ಮೊದಲು ಮೋರ್ಬಿಯ ಮಾತು. ಅದು ತೂಗುಸೇತುವೆ, ಎಂದರೆ ದಂಡೆಯಿಂದ ದಂಡೆಗೆ ಜೋತುಬಿದ್ದ ಮುಖ್ಯ ಹಗ್ಗಗಳಿಗೆ ನಡೆದಾಡುವ ಹಾಸನ್ನು ನೇತುಹಾಕಿದ ಬಗೆ. ಅಂಥ ಸೇತುವೆಯಲ್ಲಿ ಮುಖ್ಯ ಹಗ್ಗ ಹೋದರೆ ಹಾಸಿಗೆ ಬೇರೆ ಆಸರೆಯಿಲ್ಲ. ವಿದ್ಯಾಸಾಗರ ಸೇತುವೆ ಕೇಬಲ್-ಸ್ಟೇಡ್ ಬಗೆಯದು. ಇಲ್ಲಿ ಎತ್ತರದ ಗೋಪುರದ ನೆತ್ತಿಯಿಂದ ಹೊರಟ ಪ್ರತಿಯೊಂದು ಕೇಬಲ್ಲೂ ಓರೆಯಾಗಿ ಇಳಿದು ನೇರವಾಗಿ ರಸ್ತೆಯ ತೊಲೆಯನ್ನೇ ಹಿಡಿದುಕೊಂಡಿರುತ್ತದೆ. ನೂರಕ್ಕೂ ಹೆಚ್ಚು ಕೇಬಲ್‌ಗಳು ಭಾರವನ್ನು ಹಂಚಿಕೊಂಡಿರುವುದರಿಂದ, ಒಂದನ್ನು ಕಳಚಿದರೆ ಅದರ ಪಾಲಿನ ಭಾರ ಅಕ್ಕಪಕ್ಕದ ಕೇಬಲ್‌ಗಳಿಗೂ ತೊಲೆಗಳಿಗೂ ಹೋಗುತ್ತದೆ. ಒಂದು ಕೇಬಲ್ ಇಲ್ಲದಿದ್ದರೂ ಸೇತುವೆ ನಿಲ್ಲಬೇಕು ಎಂಬ ಲೆಕ್ಕವನ್ನು ಇಂಥ ಸೇತುವೆಗಳ ವಿನ್ಯಾಸದಲ್ಲಿ ಮೊದಲೇ ಮಾಡಿರುತ್ತಾರೆ. ಬದಲಾಯಿಸುವ ದಿನ ಸಂಚಾರ ನಿಲ್ಲಿಸುವುದೂ ಇದಕ್ಕಾಗಿಯೇ: ಲಾರಿ, ಬಸ್ಸುಗಳ ಭಾರ ಇಲ್ಲದಾಗ ಉಳಿದ ಕೇಬಲ್‌ಗಳ ಮೇಲಿನ ಹೊರೆ ತಗ್ಗುತ್ತದೆ, ಹೊಸ ಕೇಬಲ್ಲಿಗೆ ಎಷ್ಟು ಬಿಗಿ ಕೊಟ್ಟೆವು ಎಂಬುದನ್ನು ಕೇಬಲ್ ಎಳೆದು ಬಿಗಿಯುವ ಜ್ಯಾಕ್ ಯಂತ್ರದಲ್ಲಿ ನಿಖರವಾಗಿ ಅಳೆಯುವುದು ಸಾಧ್ಯವಾಗುತ್ತದೆ.

ಕೇಬಲ್‌ಗಳಿಗೆ ವಯಸ್ಸಾಗುವುದು ಎರಡು ದಾರಿಯಿಂದ. ಒಂದು ತುಕ್ಕು. ಕೇಬಲ್ ಎಂದರೆ ಒಂದೇ ದಪ್ಪ ಸರಳಲ್ಲ, ಸಮಾನಾಂತರವಾಗಿ ಜೋಡಿಸಿದ ಅನೇಕ ಉಕ್ಕಿನ ತಂತಿಗಳ ಕಟ್ಟು. ಹೊರಗಿನ ಹೊದಿಕೆಯಲ್ಲಿ ಎಲ್ಲಾದರೂ ಸಣ್ಣ ಬಿರುಕು ಬಿಟ್ಟರೆ ಮಳೆನೀರು ಒಳಗಿಂದೊಳಗೆ ಇಳಿದು, ಅತ್ಯಂತ ಕೆಳಗಿನ ಆಂಕರ್‌ನ ಬಳಿ, ಎಂದರೆ ಕೇಬಲ್ ತೊಲೆಯನ್ನು ಸೇರುವ ಜಾಗದಲ್ಲಿ, ನಿಂತುಬಿಡುತ್ತದೆ. ಕಣ್ಣಿಗೆ ಕಾಣುವ ಉದ್ದವೆಲ್ಲ ಚೆನ್ನಾಗಿದ್ದು, ಕೊನೆಯ ಒಂದು ಮೊಳದಷ್ಟು ಭಾಗದಲ್ಲಿ ತಂತಿ ಸವೆದಿರುವುದು ಅಪರೂಪವಲ್ಲ. ಎರಡನೆಯದು ದಣಿವು. ಪ್ರತಿ ಲಾರಿ ಹಾದಾಗಲೂ ಬಿಗಿ ಒಂದಿಷ್ಟು ಏರಿ ಇಳಿಯುತ್ತದೆ, ಗಾಳಿಯ ನಡುಕ ಅದಕ್ಕೆ ಸೇರುತ್ತದೆ, ವರ್ಷಗಟ್ಟಲೆ ಇದೇ ನಡೆದರೆ ಉಕ್ಕಿಗೂ ಆಯಾಸವಾಗುತ್ತದೆ.

ಇದು ನಮ್ಮ ದೇಶದ ಕೆಲಸದ ಕೊರತೆಯೆಂದೂ ತಿಳಿಯಬೇಕಾಗಿಲ್ಲ. ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ 1974ರಲ್ಲಿ ತೆರೆದ ಕೋಲ್‌ಬ್ರಾಂಡ್ ಸೇತುವೆಯ ಎಲ್ಲ 88 ಕೇಬಲ್‌ಗಳನ್ನೂ ತುಕ್ಕಿನ ಕಾರಣಕ್ಕೆ ಕೆಲವೇ ವರ್ಷಗಳಲ್ಲಿ ಬದಲಾಯಿಸಬೇಕಾಯಿತು. ವೆನೆಜುವೆಲಾದ ಮರಕೈಬೊ ಸರೋವರದ ಮೇಲೆ 1962ರಲ್ಲಿ ಕಟ್ಟಿದ ಸೇತುವೆಯಲ್ಲಿ 1979ರಲ್ಲಿ ಒಂದು ಕೇಬಲ್ ತುಂಡಾದ ಮೇಲೆ ಎಲ್ಲವನ್ನೂ ಹೊಸದಾಗಿ ಹಾಕಿದರು. ಎರಡೂ ಕಡೆ ಸೇತುವೆ ಉಳಿಯಿತು. ಇಟಲಿಯ ಜಿನೋವಾದಲ್ಲಿ 2018ರ ಆಗಸ್ಟ್ 14ರಂದು ಕುಸಿದು 43 ಜನರ ಜೀವ ತೆಗೆದ ಮೊರಾಂಡಿ ಸೇತುವೆಯಲ್ಲಿ ಕೇಬಲ್‌ಗಳನ್ನು ಕಾಂಕ್ರೀಟಿನೊಳಗೆ ಹುದುಗಿಸಿಬಿಟ್ಟಿದ್ದರು. ಅವು ಕೆಲವೇ ಇದ್ದವು, ಅವುಗಳ ಸ್ಥಿತಿ ಹೊರಗಿನವರ ಕಣ್ಣಿಗೆ ಬೀಳುವಂತಿರಲಿಲ್ಲ, ಬದಲಾಯಿಸುವುದಂತೂ ಬಹಳ ಕಷ್ಟವಾಗಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಕೇಬಲ್ ಬದಲಾಯಿಸುವ ಸೇತುವೆಯ ಮೇಲೆ ನಾನು ನೆಮ್ಮದಿಯಿಂದ ಹೋಗುತ್ತೇನೆ. ಕೇಬಲ್ ಬದಲಾಯಿಸಲಾಗದ ಸೇತುವೆ ನನ್ನ ನಿದ್ದೆ ಕೆಡಿಸುತ್ತದೆ.

ಉತ್ತರ: ಗಂಗಾತೀರದ ಕನ್ನಡಿಗ

ನಾನು ಹೌರಾದಲ್ಲಿ ಬಹುಕಾಲದಿಂದ ಇರುವವನು. ಮೇಲಿನವರು ಹೇಳಿದ ತಾಂತ್ರಿಕ ವಿವರಕ್ಕೆ ಊರಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಹೌರಾ ಸೇತುವೆ ಯಾವ ರಿಪೇರಿಯೂ ಇಲ್ಲದೆ ನಿಂತಿದೆ ಎಂಬ ಭಾವನೆ ಸರಿಯಲ್ಲ. ಅಲ್ಲಿಯೂ ರಸ್ತೆಯ ಹಾಸು 78 ಉಕ್ಕಿನ ಹ್ಯಾಂಗರ್‌ಗಳಲ್ಲಿ ಮೇಲಿನ ಚೌಕಟ್ಟಿನಿಂದ ನೇತಾಡುತ್ತಿದೆ. ಸುಮಾರು 2010ರ ಹೊತ್ತಿಗೆ, ಪಾದಚಾರಿಗಳು ಪಾನ್ ಮತ್ತು ಗುಟ್ಕಾ ಜಗಿದು ಹ್ಯಾಂಗರ್‌ಗಳ ಬುಡಕ್ಕೆ ಉಗಿದು ಉಗಿದು, ಅಲ್ಲಿನ 6 ಮಿಲಿಮೀಟರ್ ದಪ್ಪದ ಉಕ್ಕಿನ ಹೊದಿಕೆ ಅರ್ಧದಷ್ಟು ಸವೆದುಹೋಗಿದ್ದನ್ನು ಬಂದರಿನ ಎಂಜಿನಿಯರುಗಳು ಕಂಡುಹಿಡಿದರು. ಆಮೇಲೆ ಬುಡಗಳಿಗೆ ಫೈಬರ್‌ಗ್ಲಾಸಿನ ಕವಚ ತೊಡಿಸಿದರು. ಅಲ್ಲಿಯ ಫುಟ್‌ಪಾತ್‌ನಲ್ಲಿ ನಡೆದರೆ ಮೊಣಕಾಲಿನ ಎತ್ತರದವರೆಗೆ ಕೆಂಪು ಕಲೆ ಹತ್ತಿದ ಆ ಕವಚಗಳನ್ನು ನೀವೇ ನೋಡಬಹುದು. ಸೇತುವೆಗೆ ಎಂಬತ್ತು ವರ್ಷದ ಆಯಸ್ಸು ಬಂದಿರುವುದು ಇಂಥ ನಿಗಾ ಇರುವುದರಿಂದಲೇ.

ಎರಡನೆಯದು ಹೊರೆಯ ವಿಚಾರ. ವಿದ್ಯಾಸಾಗರ ಸೇತುವೆ ತೆರೆದ ಹೊಸತರಲ್ಲಿ ಹೌರಾ ಬದಿಯ ಕೂಡುರಸ್ತೆಗಳು ಇನ್ನೂ ಪೂರ್ತಿಯಾಗಿರಲಿಲ್ಲ, ಆದ್ದರಿಂದ ವಾಹನಗಳು ಕಡಿಮೆ. ಕೋನಾ ಎಕ್ಸ್‌ಪ್ರೆಸ್‌ವೇ ಸಿದ್ಧವಾದ ಮೇಲೆ ದೆಹಲಿ, ಮುಂಬೈ, ಚೆನ್ನೈ ಕಡೆಯ ಹೆದ್ದಾರಿಗಳಿಂದ ಬರುವ ಲಾರಿಗಳು ಖಿದಿರ್‌ಪುರ ಹಡಗುಕಟ್ಟೆಗೂ ನಗರಕ್ಕೂ ಇದೇ ದಾರಿ ಹಿಡಿದವು. 2013ರಲ್ಲಿ ರಾಜ್ಯದ ಸಚಿವಾಲಯ ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್‌ನಿಂದ ಹೌರಾ ಬದಿಯಲ್ಲಿ ಸೇತುವೆಯ ಬುಡದಲ್ಲಿರುವ ನಬಾನ್ನ ಕಟ್ಟಡಕ್ಕೆ ಬಂತು. ಅಂದಿನಿಂದ ಬೆಳಗ್ಗೆ ಸಂಜೆ ಅಧಿಕಾರಿಗಳ, ಮಂತ್ರಿಗಳ, ಅರ್ಜಿ ಹಿಡಿದು ಬರುವ ಜನರ ಓಡಾಟವೂ ಸೇತುವೆಗೆ ಸೇರಿಕೊಂಡಿದೆ.

ಒಂದು ವಿಷಯದಲ್ಲಿ ಮಾತ್ರ ಮೇಲಿನವರೊಂದಿಗೆ ನನಗೆ ಪೂರ್ತಿ ಸಮ್ಮತಿ ಇಲ್ಲ. ಬದಲಾಯಿಸುವುದು ಸಹಜ ಎನ್ನುವುದು ಒಪ್ಪತಕ್ಕ ಮಾತೇ, ಆದರೆ ಮಹಾನಗರವೊಂದರ ಮುಖ್ಯ ದಾರಿಯನ್ನು ಇಡೀ ದಿನ ಮುಚ್ಚುವಾಗ, ಯಾವ ಕೇಬಲ್ ಯಾವ ಸ್ಥಿತಿಯಲ್ಲಿತ್ತು, ಇನ್ನೆಷ್ಟು ಉಳಿದಿವೆ ಎಂಬುದನ್ನು ಸಾಮಾನ್ಯ ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಸಂಚಾರ ಬದಲಾವಣೆಯ ಸೂಚನೆ ಪತ್ರಿಕೆಯಲ್ಲಿ ಬರುತ್ತದೆ, ಕಾರಣದ ವಿವರ ಬರುವುದಿಲ್ಲ. ಹೊಳೆಬಾಗಿಲು ಅವರಂಥ ತಾಯಂದಿರು ಹೆದರುವುದು ಆ ಮೌನಕ್ಕೆ.

ಹೊಳೆಬಾಗಿಲು:

ಇಬ್ಬರಿಗೂ ತುಂಬ ಧನ್ಯವಾದಗಳು. ಮನಸ್ಸಿಗೆ ಸಾಕಷ್ಟು ಸಮಾಧಾನವಾಯಿತು. ಆದರೂ ಒಂದು ಪ್ರಶ್ನೆ ಉಳಿಯಿತು. ಇಷ್ಟೆಲ್ಲ ನಿಗಾ ಬೇಡುವ ಕೇಬಲ್‌ಗಳ ಗೊಡವೆಯೇ ಇಲ್ಲದಂತೆ, ನದಿಯಲ್ಲಿ ಸಾಲಾಗಿ ಕಂಬಗಳನ್ನು ನಿಲ್ಲಿಸಿ ಸಾಧಾರಣ ಸೇತುವೆ ಕಟ್ಟಬಹುದಿತ್ತಲ್ಲವೇ? ಇಲ್ಲವೇ ಹೌರಾ ಸೇತುವೆಯ ಮಾದರಿಯಲ್ಲೇ ಇನ್ನೊಂದನ್ನು? ಸಿಗಂದೂರಿನಲ್ಲಿ ಹಿನ್ನೀರಿನ ನಡುವೆ ಕಂಬಗಳಿವೆ, ಕೇಬಲ್‌ಗಳೂ ಇವೆ. ಅದೇಕೆ ಹಾಗೆ, ಇದೇಕೆ ಹೀಗೆ ಎಂಬುದು ತಿಳಿದರೆ ಮಗಳೊಂದಿಗೆ ಮಾತಾಡುವಾಗ ನನಗೂ ಅರ್ಥವಾಗುತ್ತದೆ.

ಉತ್ತರ: ಸೇತುಬಂಧ

ನಾನು ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಪಾಠ ಹೇಳುವವಳು. ವಿದ್ಯಾಸಾಗರ ಸೇತುವೆಯನ್ನು ಪ್ರತಿ ವರ್ಷವೂ ತರಗತಿಯಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ಆಕಾರದ ಪ್ರತಿಯೊಂದು ಭಾಗಕ್ಕೂ ಆ ನದಿಯಲ್ಲಿ ಅಥವಾ ಆ ಕಾಲದ ನಮ್ಮ ಕಾರ್ಖಾನೆಗಳಲ್ಲಿ ಒಂದು ಕಾರಣ ಸಿಗುತ್ತದೆ.

ಹೂಗ್ಲಿ ಗಂಗೆಯ ಕವಲು. ಹೂಳು ಹೊತ್ತು ತರುವ ನದಿ. ಸಮುದ್ರದ ಉಬ್ಬರವಿಳಿತ ಕೋಲ್ಕತ್ತವನ್ನೂ ದಾಟಿ ಮೇಲಕ್ಕೆ ಹೋಗುತ್ತದೆ, ಕೆಲವು ದಿನಗಳಲ್ಲಿ ಉಬ್ಬರದ ನೀರು ಗೋಡೆಯಂತೆ ಎದ್ದು ಪ್ರವಾಹಕ್ಕೆ ಎದುರಾಗಿ ನುಗ್ಗುತ್ತದೆ. ಇಂಥ ನದಿಯ ನಡುವೆ ಕಂಬ ನೆಟ್ಟರೆ ಪ್ರತಿ ಕಂಬದ ಸುತ್ತಲೂ ಒಂದು ಕಡೆ ಮಣ್ಣು ಕೊರೆಯುತ್ತದೆ, ಇನ್ನೊಂದು ಕಡೆ ಹೂಳು ಕೂರುತ್ತದೆ. ಬಂದರು ಬದುಕಿರುವುದೇ ಹಡಗಿನ ದಾರಿಯ ಆಳದ ಮೇಲೆ. ಹೌರಾ ಸೇತುವೆಗೂ ಇದೇ ಕಾರಣಕ್ಕೆ ನದಿಯ ನಡುವೆ ಒಂದೂ ಕಂಬ ಇಡಲಿಲ್ಲ. ಎರಡೂ ಸೇತುವೆಗಳ ಗೋಪುರಗಳ ನಡುವಿನ ಅಂತರ ಒಂದೇ, 1500 ಅಡಿ, ಎಂದರೆ 457.2 ಮೀಟರ್. ಅರ್ಧ ಶತಮಾನದ ಅಂತರದಲ್ಲಿ ಕಟ್ಟಿದ, ನೋಡಲು ಒಂದಕ್ಕೊಂದು ಹೋಲಿಕೆಯೇ ಇಲ್ಲದ ಎರಡು ಸೇತುವೆಗಳು ನದಿಗೆ ಬಿಟ್ಟುಕೊಟ್ಟ ಜಾಗ ಅಷ್ಟಕ್ಕಷ್ಟೇ ಸಮ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಹೌರಾ ಸೇತುವೆಯ ಕ್ಯಾಂಟಿಲಿವರ್ ಮಾದರಿಗೆ, ಎಂದರೆ ಎರಡೂ ಕಡೆಯಿಂದ ತೋಳಿನಂತೆ ಮುಂಚಾಚಿದ ಉಕ್ಕಿನ ಚೌಕಟ್ಟಿಗೆ, ಸುಮಾರು 26,500 ಟನ್ ಉಕ್ಕು ಬೇಕಾಯಿತು. ಅದರಲ್ಲಿ 23,000 ಟನ್ನಿನಷ್ಟು ಟಾಟಾ ಕಾರ್ಖಾನೆಯಿಂದಲೇ ಬಂದದ್ದು. 1970ರ ದಶಕದಲ್ಲಿ ಮತ್ತೆ ಅಷ್ಟು ಉಕ್ಕು ಸುರಿಯುವುದು ಮಿತವ್ಯಯದ ಮಾತಾಗಿರಲಿಲ್ಲ. ಹಾಗಾದರೆ ದೊಡ್ಡ ತೂಗುಸೇತುವೆ ಏಕಾಗಬಾರದು? ಅದರ ಮುಖ್ಯ ಹಗ್ಗಗಳ ಎಳೆತವನ್ನು ಎರಡೂ ದಂಡೆಯ ನೆಲವೇ ಹಿಡಿದುಕೊಳ್ಳಬೇಕು. ಕೋಲ್ಕತ್ತದಲ್ಲಿ ಬಂಡೆ ಎಂಬುದು ಕೈಗೆಟಕುವ ಆಳದಲ್ಲಿ ಇಲ್ಲವೇ ಇಲ್ಲ, ಎಷ್ಟು ಅಗೆದರೂ ಮೆತ್ತನೆಯ ಜೇಡಿ ಮತ್ತು ಹೂಳು. ಕೇಬಲ್-ಸ್ಟೇಡ್ ಸೇತುವೆಯಲ್ಲಿ ಓರೆ ಕೇಬಲ್‌ಗಳ ಅಡ್ಡ ಎಳೆತವನ್ನು ರಸ್ತೆಯ ಹಾಸೇ ತನ್ನೊಳಗೆ ಒತ್ತಡವಾಗಿ ತೆಗೆದುಕೊಳ್ಳುತ್ತದೆ, ದಂಡೆಯ ನೆಲಕ್ಕೆ ಆ ಹೊರೆ ಇಲ್ಲ. ಮೆತ್ತನೆಯ ನೆಲದ ಊರಿಗೆ ಇದು ಹೇಳಿ ಮಾಡಿಸಿದ ಬಗೆ.

ಎರಡೂ ತುದಿಯ ಪಕ್ಕದ ಭಾಗಗಳು ತಲಾ 182.88 ಮೀಟರ್. ಮೂರನ್ನೂ ಕೂಡಿದರೆ ಒಟ್ಟು 823 ಮೀಟರ್. ಗೋಪುರಗಳ ಎತ್ತರ ಸುಮಾರು 128 ಮೀಟರ್, ರಸ್ತೆಯ ಅಗಲ 35 ಮೀಟರ್, ಎರಡೂ ದಿಕ್ಕಿಗೆ ಮೂರು ಮೂರು ಲೇನ್. ಇಲ್ಲಿ ಒಂದು ಸ್ವಾರಸ್ಯವಾದ ಅಂಶವಿದೆ, ಅದು ಈಗಿನ ರಿಪೇರಿಗೂ ಸಂಬಂಧಿಸಿದ್ದು. ನದಿಯ ಮೇಲಿನ ಭಾಗದಲ್ಲಿ ಲಾರಿಗಳು ತುಂಬಿದಾಗ ಗೋಪುರದ ನೆತ್ತಿ ನದಿಯ ಕಡೆಗೆ ವಾಲಲು ನೋಡುತ್ತದೆ. ದಂಡೆಯ ಕಡೆಯ ಕೇಬಲ್‌ಗಳು ಅದನ್ನು ಹಿಂದಕ್ಕೆ ಎಳೆದು ಹಿಡಿಯುತ್ತವೆ. ಹಾಗೆ ಎಳೆಯುವಾಗ ಆ ಕೇಬಲ್‌ಗಳು ಸೇತುವೆಯ ತುದಿಯನ್ನೇ ಮೇಲಕ್ಕೆ ಎತ್ತಲು ಹೊರಡುತ್ತವೆ. ಜಾತ್ರೆಯ ಚಪ್ಪರದ ಕಂಬಕ್ಕೆ ಹಿಂದಿನಿಂದ ಹಗ್ಗ ಕಟ್ಟಿ ಗೂಟ ಹೊಡೆಯುವುದನ್ನು ನೀವು ನೋಡಿರುತ್ತೀರಿ. ಇಲ್ಲಿ ಆ ಗೂಟದ ಕೆಲಸವನ್ನು ಮಾಡುವುದು ತುದಿಯ ಕಂಬಗಳೊಳಗೆ ನೆಟ್ಟಗೆ ಇಳಿಬಿಟ್ಟಿರುವ ಕೆಳಹಿಡಿತದ ಕೇಬಲ್‌ಗಳು. ದಾರಿಹೋಕರ ಕಣ್ಣಿಗೆ ಇವು ಬೀಳುವುದೇ ಇಲ್ಲ. ಬದಲಾವಣೆಯ ಪಟ್ಟಿಯಲ್ಲಿ ಮೇಲಿನ ಓರೆ ಕೇಬಲ್‌ಗಳ ಜೊತೆಗೆ ಇವೂ ಇವೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರ ಬೇಡುವ ಭಾಗ ಇದೇ, ಏಕೆಂದರೆ ಓರೆ ಕೇಬಲ್‌ಗೆ ಅಕ್ಕಪಕ್ಕದಲ್ಲಿ ಅನೇಕ ಜೊತೆಗಾರರಿದ್ದಾರೆ, ಇವುಗಳ ಸಂಖ್ಯೆ ಕಡಿಮೆ.

ಇನ್ನು ಕಟ್ಟಿದ ಕಥೆ. ಇಂದಿರಾ ಗಾಂಧಿಯವರು 1972ರ ಮೇ 20ರಂದು ಶಂಕುಸ್ಥಾಪನೆ ಮಾಡಿದರು. ಕೆಲಸ ಶುರುವಾದದ್ದು 1979ರ ಜುಲೈನಲ್ಲಿ, ಸಂಚಾರಕ್ಕೆ ತೆರೆದದ್ದು 1992ರ ಅಕ್ಟೋಬರ್ 10ರಂದು. ಇಪ್ಪತ್ತು ವರ್ಷ ಎಂಬುದು ದೀರ್ಘವೇ. ಆದರೆ ಆ ಅವಧಿಯಲ್ಲಿ ನಡೆದ ಒಂದು ತೀರ್ಮಾನವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ವಿನ್ಯಾಸ ಜರ್ಮನಿಯ ಶ್ಲೈಷ್ ಬರ್ಗರ್‌ಮನ್ ಸಂಸ್ಥೆಯದು. ಅದರ ಮುಖ್ಯಸ್ಥ ಯೋರ್ಗ್ ಶ್ಲೈಷ್ ಅವರು ತಮ್ಮ ದೇಶದಲ್ಲಿ ರೂಢಿಯಲ್ಲಿದ್ದ ಪೂರ್ತಿ ಬೆಸುಗೆಯ ಉಕ್ಕಿನ ಪೆಟ್ಟಿಗೆಯಂಥ ಹಾಸನ್ನು ಇಲ್ಲಿಗೆ ತಂದು ಹೇರಲಿಲ್ಲ. ನಮ್ಮಲ್ಲಿ ಸಿಗುತ್ತಿದ್ದ ಉಕ್ಕಿಗೂ ನಮ್ಮ ಕಾರ್ಖಾನೆಗಳಿಗೂ ಬೆಸುಗೆಗಿಂತ ರಿವೆಟ್, ಎಂದರೆ ತೂತಿನಲ್ಲಿ ತೂರಿಸಿ ತಲೆ ಬಡಿದು ಕೂರಿಸುವ ಉಕ್ಕಿನ ಮೊಳೆ, ಹೆಚ್ಚು ಒಗ್ಗಿತ್ತು. ಹೌರಾ ಸೇತುವೆಯನ್ನು ಕಟ್ಟಿದ ಬ್ರೇತ್‌ವೇಟ್, ಬರ್ನ್ ಮತ್ತು ಜೆಸಪ್ ಕಂಪನಿಗಳ ಕೂಟದವರಿಗೆ ಆ ಕೈಚಳಕ ಚೆನ್ನಾಗಿ ಗೊತ್ತಿತ್ತು, ಈ ಸೇತುವೆಯ ಉಕ್ಕಿನ ಕೆಲಸವೂ ಅವರ ಪಾಲಿಗೇ ಬಂತು. ಆದ್ದರಿಂದ ಉದ್ದಕ್ಕೂ ಅಡ್ಡಕ್ಕೂ ಉಕ್ಕಿನ ತೊಲೆಗಳನ್ನು ರಿವೆಟ್ ಹೊಡೆದು ಜೋಡಿಸಿ, ಮೇಲೆ ಕಾಂಕ್ರೀಟಿನ ಹಾಸು ಹಾಕಿ, ಎರಡೂ ಒಂದಾಗಿ ದುಡಿಯುವಂತೆ ಮಾಡಿದರು. ಕೇಬಲ್‌ಗಳ ಎಳೆತದಿಂದ ಹಾಸಿನಲ್ಲಿ ಒತ್ತಡ ಹುಟ್ಟುತ್ತದೆ ಎಂದೆನಷ್ಟೆ. ಒತ್ತಡ ತಾಳುವುದರಲ್ಲಿ ಕಾಂಕ್ರೀಟು ಸಮರ್ಥವೂ ಅಗ್ಗವೂ ಹೌದು. ಉಕ್ಕು ಮತ್ತು ಕಾಂಕ್ರೀಟು ಕೂಡಿದ ಹಾಸು ಮುಂದೆ ಅನೇಕ ದೇಶಗಳ ದೊಡ್ಡ ಕೇಬಲ್ ಸೇತುವೆಗಳಲ್ಲಿ ರೂಢಿಗೆ ಬಂತು. ಗೋಪುರಗಳೂ ರಿವೆಟ್ ಹೊಡೆದವೇ. ದೂರದಿಂದ ನಯವಾಗಿ ಕಾಣುವ ಆ ಗೋಪುರದ ಬುಡಕ್ಕೆ ಹೋಗಿ ನೋಡಿದರೆ, ಬಣ್ಣದ ಕೆಳಗೆ ಸಾಲುಸಾಲಾಗಿ ಉಬ್ಬಿದ ರಿವೆಟ್‌ಗಳ ತಲೆ ಕಾಣುತ್ತದೆ.

ಎರಡೂ ಗೋಪುರಗಳ ಕಡೆಯಿಂದ ತುಂಡುತುಂಡಾಗಿ ತೊಲೆ ಮುಂಚಾಚುತ್ತಾ, ಆಯಾ ತುಂಡಿಗೆ ಕೇಬಲ್ ಬಿಗಿಯುತ್ತಾ, ಕೊನೆಗೆ ನದಿಯ ನಡುವೆ ಎರಡು ತುದಿಗಳನ್ನು ಸೇರಿಸಿದರು. ಕೆಳಗೆ ದೋಣಿಗಳ ಸಂಚಾರಕ್ಕೆ ಅಡ್ಡಿಯಾಗಲಿಲ್ಲ.

ಸಿಗಂದೂರಿನ ವಿಷಯ ಚಿಕ್ಕದು. ಅಲ್ಲಿ ಹಡಗು ಓಡುವುದಿಲ್ಲ, ಉಬ್ಬರವಿಳಿತವಿಲ್ಲ, ಹಿನ್ನೀರು ಆಳವಾದರೂ ನಿಂತ ನೀರು. ಆದ್ದರಿಂದ ನಡುವೆ ಕಂಬಗಳನ್ನು ಇಟ್ಟು, ಕಂಬಗಳ ಸಂಖ್ಯೆ ತೀರಾ ಹೆಚ್ಚದಂತೆ ಕೇಬಲ್‌ಗಳ ನೆರವು ಪಡೆದಿದ್ದಾರೆ. ಅಲ್ಲಿಯ ಗೋಪುರಗಳು ಗಿಡ್ಡ, ಕೇಬಲ್‌ಗಳ ಇಳಿಜಾರು ಕಡಿಮೆ, ಹಾಸೇ ಸ್ವತಃ ಬಹುಪಾಲು ಭಾರ ಹೊರುತ್ತದೆ. ಬೆಂಗಳೂರಿನ ಕೃಷ್ಣರಾಜಪುರದ ಕೇಬಲ್ ಸೇತುವೆಗೆ ಕಾರಣ ಬೇರೆ: ಕೆಳಗೆ ರೈಲುಹಳಿಗಳ ಸಾಲು, ನಡುವೆ ಕಂಬಕ್ಕೆ ಜಾಗವಿಲ್ಲ.

ಉತ್ತರ: ಉಕ್ಕು-ಕಾಂಕ್ರೀಟು

ಸೇತುಬಂಧ ಅವರು ಕೆಳಹಿಡಿತದ ಕೇಬಲ್‌ಗಳನ್ನು ವಿವರಿಸಿದ್ದು ಬಹಳ ಒಳ್ಳೆಯದಾಯಿತು. ಅದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಬೇರಿಂಗ್‌ಗಳನ್ನು ಏಕೆ ಜೊತೆಯಲ್ಲೇ ಬದಲಾಯಿಸುತ್ತಾರೆ ಎಂದು ಯಾರಾದರೂ ಕೇಳಬಹುದು. ಬಿಸಿಲಿಗೆ ಉಕ್ಕು ಹಿಗ್ಗಿ ರಾತ್ರಿ ಕುಗ್ಗುವಾಗ ಸೇತುವೆಯ ತುದಿ ಮುಂದೆ ಹಿಂದೆ ಸರಿಯಬೇಕು, ಆ ಸರಿದಾಟಕ್ಕೆ ದಾರಿ ಮಾಡಿಕೊಡುವುದು ಬೇರಿಂಗ್. ಅದು ಸಿಕ್ಕಿಕೊಂಡರೆ ಸರಿಯಲಾರದ ಬಲವೆಲ್ಲ ಕಂಬಕ್ಕೂ ಕೆಳಹಿಡಿತದ ಕೇಬಲ್ಲಿಗೂ ಹೋಗುತ್ತದೆ. ಹಳೆಯ ಬೇರಿಂಗ್ ಉಳಿಸಿಕೊಂಡು ಹೊಸ ಕೇಬಲ್ ಹಾಕಿದರೆ ಹೊಸದೂ ಬೇಗ ಸವೆಯುತ್ತದೆ.

ಗಂಗಾತೀರದ ಕನ್ನಡಿಗರ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಪ್ರತಿ ಕೇಬಲ್ಲಿನ ತಪಾಸಣೆಯ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡುವುದರಿಂದ ಯಾರಿಗೂ ನಷ್ಟವಿಲ್ಲ.

ಹೊಳೆಬಾಗಿಲು:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಈ ಮಾತುಕತೆಯನ್ನು ಮಗಳಿಗೆ ಕಳುಹಿಸಿದ್ದೇನೆ, ತುದಿಯ ಕಂಬಗಳನ್ನು ನೋಡಿ ಬರುತ್ತೇನೆಂದು ಹೇಳಿದಳು. ಮುಂದಿನ ತಿಂಗಳು ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೊರಟಿದ್ದೇವೆ, ವಿಮಾನ ಇಳಿಯುವುದು ಭಾನುವಾರ ಬೆಳಗ್ಗೆ. ಅಂದು ಸೇತುವೆ ಮುಚ್ಚಿದ್ದರೆ ಶಿಬ್‌ಪುರಕ್ಕೆ ಹೇಗೆ ಹೋಗುವುದು?

ಉತ್ತರ: ಗಂಗಾತೀರದ ಕನ್ನಡಿಗ

ಯಾವ ಚಿಂತೆಯೂ ಬೇಡಮ್ಮ. ಸಾಮಾನು ಹೆಚ್ಚಿದ್ದರೆ ವಿಮಾನ ನಿಲ್ದಾಣದಿಂದಲೇ ಟ್ಯಾಕ್ಸಿ ಹಿಡಿದು, ಬೆಲ್‌ಘರಿಯಾ ಎಕ್ಸ್‌ಪ್ರೆಸ್‌ವೇ ಮೂಲಕ ನಿವೇದಿತಾ ಸೇತುವೆಗೆ ಹೋಗಲು ಹೇಳಿ. ನಗರದೊಳಕ್ಕೆ ಹೋಗದೆಯೇ ನದಿ ದಾಟುತ್ತೀರಿ. ಅಲ್ಲಿಂದ ಹೆದ್ದಾರಿಯಲ್ಲಿ ಇಳಿದು ಕೋನಾ ಎಕ್ಸ್‌ಪ್ರೆಸ್‌ವೇ ಸೇರಿದರೆ ಸಂತ್ರಗಾಛಿಯ ಮೇಲೆ ಶಿಬ್‌ಪುರ ಬರುತ್ತದೆ. ದಾರಿ ಸುತ್ತು, ಟೋಲ್ ಕೊಡಬೇಕು, ಕೋನಾ ರಸ್ತೆಯಲ್ಲಿ ಮೇಲ್ಸೇತುವೆಯ ಕಾಮಗಾರಿಯಿಂದ ಒಂದಿಷ್ಟು ತಡವಾಗುತ್ತದೆ, ಆದರೂ ಭಾನುವಾರ ಅದೇ ಮೇಲು. 2007ರಲ್ಲಿ ತೆರೆದ ನಿವೇದಿತಾ ಸೇತುವೆಯೂ ಗಿಡ್ಡ ಗೋಪುರಗಳದು. ನಿಮ್ಮ ಸಿಗಂದೂರಿನ ಸೇತುವೆಯ ಬಗೆಯನ್ನೇ ಅಲ್ಲಿ ಕಾಣುತ್ತೀರಿ.

ಸಾಮಾನು ಕಡಿಮೆಯಿದ್ದರೆ ಹೇಗಾದರೂ ಎಸ್‌ಪ್ಲನೇಡ್ ತಲುಪಿ ಅಲ್ಲಿಂದ ಮೆಟ್ರೋ ಹತ್ತಿ. 2024ರ ಮಾರ್ಚ್‌ನಿಂದ ಆ ಮಾರ್ಗ ಹೂಗ್ಲಿಯ ತಳದ ಸುರಂಗದಲ್ಲಿ ಓಡುತ್ತಿದೆ, ನದಿಯ ಕೆಳಗಿನ ಭಾಗ ಸುಮಾರು 520 ಮೀಟರ್, ಒಂದು ನಿಮಿಷವೂ ಹಿಡಿಯುವುದಿಲ್ಲ. ಹೌರಾ ಮೈದಾನ್ ಕೊನೆಯ ನಿಲ್ದಾಣ, ಅಲ್ಲಿ ಹೊರಗೆ ಬಂದರೆ ಶಿಬ್‌ಪುರಕ್ಕೆ ಬಸ್ಸೂ ಟೋಟೋ ಗಾಡಿಯೂ (ಬ್ಯಾಟರಿ ರಿಕ್ಷಾ) ಸಿಗುತ್ತವೆ. ಹೊರಡುವ ಹಿಂದಿನ ದಿನ ಕೋಲ್ಕತ್ತ ಸಂಚಾರ ಪೊಲೀಸರ ಪ್ರಕಟಣೆಯನ್ನು ಮಗಳಿಗೆ ನೋಡಲು ಹೇಳಿ, ಮುಚ್ಚುವ ಮತ್ತು ತೆರೆಯುವ ಸಮಯ ಅದರಲ್ಲಿ ಇರುತ್ತದೆ.